ಸಾಂಕ್ರಾಮಿಕದ ದಿನಗಳಲ್ಲಿ ಆರೋಗ್ಯ ಮಾಹಿತಿ: ಸಂಗ್ರಹಿಸುವುದು, ಹಂಚಿಕೊಳ್ಳುವುದು, ಹಿಂದಿರುಗಿಸುವುದು ಹೇಗೆ?

ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲಿ ರೋಗ ಸರ್ವೇಕ್ಷಣೆಯ ಕೆಲಸ ಮಾಡುವ ವೈದ್ಯಾಧಿಕಾರಿಗಳು, ಆರೋಗ್ಯ ಸಿಬ್ಬಂದಿ, ಡೇಟಾ ಎಂಟ್ರಿ ಆಪರೇಟರ್‌ಗಳು ಮತ್ತು ಸಂಕಷ್ಟದ ಹೊತ್ತಿನಲ್ಲಿ ಅವರೊಂದಿಗೆ ಕೈಜೋಡಿಸುವ ಸ್ವಯಂಸೇವಕರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. 2020 ಮತ್ತು 2021ರಲ್ಲಿ ಕೋವಿಡ್ ಎದುರಿಸಿದ ಕರ್ನಾಟಕದ ಅನುಭವವೇ ಇದರ ಮುಖ್ಯ ಆಧಾರ; ಅಗತ್ಯವಿದ್ದೆಡೆ ಮಾತ್ರ ಬೇರೆ ದೇಶಗಳ ಉದಾಹರಣೆಗಳನ್ನು ತೆಗೆದುಕೊಳ್ಳಲಾಗಿದೆ. ಹಳ್ಳಿಯ ಆರೋಗ್ಯ ಉಪಕೇಂದ್ರದಿಂದ ಮೇಲಕ್ಕೆ ಹೋದ ಮಾಹಿತಿಯು ಪರೀಕ್ಷಾ ಫಲಿತಾಂಶವಾಗಿಯೋ, ಹಾಸಿಗೆಯಾಗಿಯೋ, ಎಚ್ಚರಿಕೆಯಾಗಿಯೋ ಅಷ್ಟೇ ಬೇಗ ಅದೇ ಊರಿಗೆ ಮರಳದಿದ್ದರೆ, ಅದನ್ನು ಕಲೆಹಾಕಿದ ಶ್ರಮ ವ್ಯರ್ಥವಾಗುವುದಷ್ಟೇ ಅಲ್ಲ, ಮುಂದಿನ ಬಾರಿ ಜನರು ಬಾಯಿ ಬಿಡುವುದೂ ಇಲ್ಲ. ಮುಂದಿನ ಎಲ್ಲ ಸೂಚನೆಗಳೂ ಈ ಒಂದು ಕಾಳಜಿಯಿಂದ ಹುಟ್ಟಿದವು.

ಯಾವ ತೀರ್ಮಾನಕ್ಕೆ ಯಾವ ಕಾಲಂ

ಹೊಸ ರೋಗವೊಂದು ಕಾಣಿಸಿಕೊಂಡ ಕೂಡಲೇ ಪ್ರತಿಯೊಂದು ಕಚೇರಿಯಿಂದಲೂ ಒಂದೊಂದು ನಮೂನೆ ಹೊರಡುತ್ತದೆ, ದಿನಕಳೆದಂತೆ ಅದರ ಕಾಲಂಗಳು ಹೆಚ್ಚುತ್ತವೆ. ಅವುಗಳನ್ನೆಲ್ಲ ತುಂಬಬೇಕಾದವರು ಮನೆ ಬಾಗಿಲಲ್ಲಿ ನಿಂತಿರುವ ಆಶಾ ಕಾರ್ಯಕರ್ತೆ ಎಂಬುದನ್ನು ನಮೂನೆ ರೂಪಿಸುವವರು ಮರೆಯಬಾರದು. ಆದ್ದರಿಂದ ನಮೂನೆಯನ್ನು ಅಂತಿಮಗೊಳಿಸುವ ಮೊದಲು ಪ್ರತಿ ಕಾಲಂನ ಎದುರಿಗೆ, ಈ ಉತ್ತರವನ್ನು ನೋಡಿ ಯಾರು, ಎಷ್ಟು ಹೊತ್ತಿನೊಳಗೆ, ಏನು ಮಾಡುತ್ತಾರೆ ಎಂಬುದನ್ನು ಬರೆದು ನೋಡಬೇಕು. ಆಮ್ಲಜನಕದ ಪ್ರಮಾಣವನ್ನು ಕೇಳಿದರೆ, ಅದು ಕಡಿಮೆಯಿದ್ದಾಗ ಆಂಬುಲೆನ್ಸ್ ಕಳುಹಿಸುವವರು ಇರಬೇಕು. ಕೆಲಸ ಮಾಡುವ ಸ್ಥಳವನ್ನು ಕೇಳಿದರೆ, ಒಂದೇ ಕಾರ್ಖಾನೆಯ ಹಲವರು ಜ್ವರಪೀಡಿತರಾಗಿರುವುದನ್ನು ಗುರುತಿಸಿ ಅಲ್ಲಿಗೆ ಹೋಗುವವರು ಇರಬೇಕು. ಹೀಗೆ ಬರೆಯಲು ಉತ್ತರವೇ ಸಿಗದ ಕಾಲಂ ಅನ್ನು ಕೈಬಿಡುವುದು ಒಳ್ಳೆಯದು. ಜಾತಿ ಮತ್ತು ಧರ್ಮವನ್ನು ಕೇಳುವ ಕಾಲಂಗಳಿಂದ ಸೋಂಕು ತಡೆಯುವ ತುರ್ತು ತೀರ್ಮಾನ ಯಾವುದೂ ಹೊರಡುವುದಿಲ್ಲ. ಆ ಪಟ್ಟಿ ಹೊರಬಿದ್ದರೆ ಆಗುವ ಹಾನಿ ಮಾತ್ರ ದೊಡ್ಡದು.

ಹೆಸರು, ವಯಸ್ಸು, ಲಿಂಗ, ಊರು, ಸಂಪರ್ಕ ಸಂಖ್ಯೆ, ರೋಗಲಕ್ಷಣಗಳು, ಪರೀಕ್ಷೆಯ ವಿಧ ಮತ್ತು ಫಲಿತಾಂಶ, ಲಸಿಕೆಯ ವಿವರ, ಸೋಂಕು ತಗುಲಿರಬಹುದಾದ ಸ್ಥಳ, ಈಗಿನ ಸ್ಥಿತಿ ಮತ್ತು ಮುಂದೆ ಹೇಳುವ ದಿನಾಂಕಗಳು ಇದ್ದರೆ ಆರಂಭದ ವಾರಗಳಿಗೆ ಸಾಕು. ಪ್ರತಿ ಪ್ರಶ್ನೆಗೂ ‘ಹೌದು’, ‘ಇಲ್ಲ’ ಎಂಬುದರ ಜೊತೆಗೆ ‘ಗೊತ್ತಿಲ್ಲ’ ಎಂಬ ಆಯ್ಕೆಯೂ ಇರಲಿ. ಖಾಲಿ ಬಿಟ್ಟ ಕಾಲಂ ಅನ್ನು ‘ಇಲ್ಲ’ ಎಂದು ಎಣಿಸುವುದರಿಂದ, ಮಧುಮೇಹ ಇದ್ದೂ ಕಾಲಂ ಖಾಲಿ ಉಳಿದವರೆಲ್ಲ ಇಲ್ಲದವರ ಸಾಲಿಗೆ ಸೇರಿಹೋಗುತ್ತಾರೆ.

ದಿನಾಂಕ ಒಂದಲ್ಲ, ನಾಲ್ಕು

ರೋಗಲಕ್ಷಣ ಆರಂಭವಾದ ದಿನ, ಮಾದರಿ ತೆಗೆದ ದಿನ, ಪ್ರಯೋಗಾಲಯವು ಫಲಿತಾಂಶ ನೀಡಿದ ದಿನ ಮತ್ತು ಅದು ಪೋರ್ಟಲ್‌ನಲ್ಲಿ ದಾಖಲಾದ ದಿನ, ಈ ನಾಲ್ಕನ್ನೂ ಬೇರೆ ಬೇರೆಯಾಗಿ ಬರೆದಿಡಬೇಕು. ಮಾಧ್ಯಮಗಳಲ್ಲಿ ಪ್ರತಿ ಸಂಜೆ ಬರುವ ಸಂಖ್ಯೆಯು ಸಾಮಾನ್ಯವಾಗಿ ಕೊನೆಯ ದಿನಾಂಕವನ್ನು ಅನುಸರಿಸುತ್ತದೆ. ಅದು ಕಚೇರಿಯ ಕೆಲಸದ ವೇಗವನ್ನು ಹೇಳುತ್ತದೆಯೇ ಹೊರತು ರೋಗದ ವೇಗವನ್ನಲ್ಲ. ಭಾನುವಾರ ಸಂಖ್ಯೆ ಇಳಿಯುವುದಕ್ಕೂ ವಾರದ ನಡುವೆ ಏರುವುದಕ್ಕೂ ಹೆಚ್ಚಿನ ಬಾರಿ ಇದೇ ಕಾರಣ.

ರೋಗವು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಬೇಕಾದರೆ ಲಕ್ಷಣ ಆರಂಭವಾದ ದಿನದ ಪ್ರಕಾರ ಪ್ರಕರಣಗಳನ್ನು ಜೋಡಿಸಬೇಕು. ಸಂಪರ್ಕಿತರನ್ನು ಹುಡುಕುವುದಕ್ಕೂ ಇದೇ ದಿನಾಂಕ ಬೇಕು: ಕೋವಿಡ್‌ನಲ್ಲಿ ಲಕ್ಷಣ ಕಾಣುವುದಕ್ಕೆ 2 ದಿನ ಮೊದಲಿನಿಂದಲೂ ಸೋಂಕು ಹರಡಬಲ್ಲದು ಎಂಬ ಕಾರಣಕ್ಕೆ ಆ ದಿನಗಳಲ್ಲಿ ಭೇಟಿಯಾದವರನ್ನೂ ಪಟ್ಟಿಗೆ ಸೇರಿಸಲಾಗುತ್ತಿತ್ತು. ರೋಗಿಗೆ ದಿನಾಂಕ ನೆನಪಿಲ್ಲದಿದ್ದರೆ ಸಂತೆಯ ದಿನ, ಹಬ್ಬ, ಕೂಲಿಗೆ ಹೋಗದೆ ಉಳಿದ ದಿನ ಇವುಗಳನ್ನು ಹಿಡಿದು ಕೇಳಬೇಕು. ಅನುಭವಿ ಆರೋಗ್ಯ ಸಹಾಯಕಿಯರು ಕೇಳುವುದು ಹೀಗೆಯೇ.

ಎರಡು ದಿನಾಂಕಗಳ ನಡುವಿನ ಅಂತರವೂ ಒಂದು ಅಮೂಲ್ಯ ಅಂಕಿಯೇ. ಲಕ್ಷಣದಿಂದ ಮಾದರಿಯವರೆಗೆ ಹೆಚ್ಚು ದಿನ ಹಿಡಿಯುತ್ತಿದ್ದರೆ ಜನರು ಪರೀಕ್ಷೆಗೆ ಹಿಂಜರಿಯುತ್ತಿದ್ದಾರೆ ಅಥವಾ ಪರೀಕ್ಷಾ ಸ್ಥಳ ದೂರವಿದೆ ಎಂದು ಅರ್ಥ. ಮಾದರಿಯಿಂದ ಫಲಿತಾಂಶದವರೆಗೆ ತಡವಾದರೆ ಪ್ರಯೋಗಾಲಯಕ್ಕೆ ನೆರವು ಬೇಕು. ಫಲಿತಾಂಶದಿಂದ ದಾಖಲಾತಿಯವರೆಗೆ ತಡವಾದರೆ ಕಚೇರಿಗೆ ಇನ್ನೊಬ್ಬ ಆಪರೇಟರ್ ಬೇಕು. ಜಿಲ್ಲಾಧಿಕಾರಿಗಳ ಸಭೆಯಲ್ಲಿ ಒಟ್ಟು ಪ್ರಕರಣಗಳ ಸಂಖ್ಯೆಗಿಂತ ಈ ಮೂರು ಅಂತರಗಳನ್ನು ಮೊದಲು ಮಂಡಿಸುವುದು ಉತ್ತಮ, ಏಕೆಂದರೆ ಇವುಗಳ ಬಗ್ಗೆ ಅಂದೇ ಏನಾದರೂ ಮಾಡಲು ಸಾಧ್ಯವಿದೆ.

ಎಲ್ಲರೂ ಒಂದೇ ರೀತಿಯಲ್ಲಿ ಬರೆಯುವಂತೆ ನೋಡಿಕೊಳ್ಳುವುದೂ ಮುಖ್ಯ. 04-05-2021 ಎಂಬುದು ಒಂದು ಕಂಪ್ಯೂಟರ್‌ನಲ್ಲಿ ಮೇ 4 ಆಗಿಯೂ ಇನ್ನೊಂದರಲ್ಲಿ ಏಪ್ರಿಲ್ 5 ಆಗಿಯೂ ಓದಲ್ಪಡಬಹುದು. ತಿಂಗಳನ್ನು ಪಟ್ಟಿಯಿಂದ ಆರಿಸುವ ವ್ಯವಸ್ಥೆ ಮಾಡಿದರೆ ಈ ತೊಡಕು ತಪ್ಪುತ್ತದೆ.

ವ್ಯಕ್ತಿಯನ್ನೂ ಊರನ್ನೂ ಸರಿಯಾಗಿ ಗುರುತಿಸುವುದು

ಒಬ್ಬರೇ ಮೂರು ಬಾರಿ ಪರೀಕ್ಷೆ ಮಾಡಿಸಿಕೊಂಡರೆ ಅವರು ಮೂವರು ರೋಗಿಗಳಾಗಬಾರದು. ಹಾಗೆಯೇ ಒಂದೇ ಮನೆಯ ಮೂವರು ಒಬ್ಬ ರೋಗಿಯೂ ಆಗಬಾರದು. ನಮ್ಮಲ್ಲಿ ಇವೆರಡೂ ಸುಲಭವಾಗಿ ಆಗಿಬಿಡುತ್ತವೆ. ಶ್ರೀನಿವಾಸ ಎಂಬ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವಾಗ ಒಬ್ಬೊಬ್ಬ ಆಪರೇಟರ್ ಒಂದೊಂದು ರೀತಿಯಲ್ಲಿ ಬರೆಯುತ್ತಾರೆ. ಇನಿಷಿಯಲ್ ಕೆಲವೊಮ್ಮೆ ಹೆಸರಿನ ಮುಂದೆ, ಕೆಲವೊಮ್ಮೆ ಹಿಂದೆ, ಕೆಲವೊಮ್ಮೆ ಊರಿನದು, ಕೆಲವೊಮ್ಮೆ ತಂದೆಯದು. ಇಡೀ ಮನೆಗೆ ಒಂದೇ ಮೊಬೈಲ್ ಇರುವ ಕುಟುಂಬಗಳು ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಆದ್ದರಿಂದ ಮೊಬೈಲ್ ಸಂಖ್ಯೆ ಒಂದೇ ಆಗಿದೆ ಎಂಬ ಕಾರಣಕ್ಕೆ ಸಾಲುಗಳನ್ನು ಅಳಿಸಬಾರದು. ಸಂಖ್ಯೆ, ವಯಸ್ಸು, ಲಿಂಗ ಮತ್ತು ಉಚ್ಚಾರಣೆಯಲ್ಲಿ ಹತ್ತಿರವಿರುವ ಹೆಸರು, ಇವು ನಾಲ್ಕೂ ಹೊಂದಿದಾಗ ಮಾತ್ರ ಸಾಲುಗಳು ಒಬ್ಬರದೇ ಇರಬಹುದೆಂದು ಗುರುತು ಹಾಕಿ, ಆ ಊರನ್ನು ಬಲ್ಲ ಸಿಬ್ಬಂದಿಯಿಂದ ಖಚಿತಪಡಿಸಿಕೊಂಡು ಒಂದುಗೂಡಿಸಬೇಕು. ವಯಸ್ಸು ಅಂದಾಜಿನದಾಗಿರಬಹುದಾದ್ದರಿಂದ ಒಂದೆರಡು ವರ್ಷಗಳ ವ್ಯತ್ಯಾಸಕ್ಕೆ ಅವಕಾಶವಿರಲಿ.

14 ಅಂಕಿಗಳ ಆಭಾ ಸಂಖ್ಯೆ, ಅಂದರೆ ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆ, ಇದ್ದವರಲ್ಲಿ ಅದನ್ನು ಬಳಸಿದರೆ ಈ ಕೆಲಸ ಹಗುರವಾಗುತ್ತದೆ. ಆದರೆ ಅದಿಲ್ಲ ಎಂಬ ಕಾರಣಕ್ಕೆ ಪರೀಕ್ಷೆಯಾಗಲಿ ಚಿಕಿತ್ಸೆಯಾಗಲಿ ನಿಲ್ಲಕೂಡದು. 2021ರ ಎರಡನೇ ಅಲೆಯಲ್ಲಿ ಬೆಂಗಳೂರಿನಲ್ಲಿ ಸೋಂಕಿತರಿಗೆ ನೀಡುತ್ತಿದ್ದ ಬಿಯು ಎಂಬ ಗುರುತಿನ ಸಂಖ್ಯೆ ಬರುವವರೆಗೆ ಹಾಸಿಗೆಗಾಗಿ ಕಾದವರ ಸಂಕಟವನ್ನು ಅಂದಿನ ಪತ್ರಿಕೆಗಳು ವರದಿ ಮಾಡಿದ್ದವು. ಗುರುತಿನ ಸಂಖ್ಯೆ ಇರುವುದು ರೋಗಿಯನ್ನು ಚಿಕಿತ್ಸೆಗೆ ಹತ್ತಿರ ತರುವುದಕ್ಕಾಗಿ. ವ್ಯವಸ್ಥೆಯನ್ನು ರೂಪಿಸುವಾಗಲೇ, ಸಂಖ್ಯೆ ಇನ್ನೂ ಬಂದಿರದ ಆದರೆ ಉಸಿರಾಟದ ತೊಂದರೆ ಇರುವ ವ್ಯಕ್ತಿಗೆ ತಾತ್ಕಾಲಿಕ ಸಂಖ್ಯೆ ಕೊಟ್ಟು ದಾಖಲಿಸುವ ಅಧಿಕಾರವನ್ನು ಕರ್ತವ್ಯದಲ್ಲಿರುವ ವೈದ್ಯರಿಗೆ ಲಿಖಿತವಾಗಿ ನೀಡಬೇಕು.

ಊರಿನ ವಿಚಾರದಲ್ಲಿಯೂ ಇಷ್ಟೇ ಎಚ್ಚರ ಬೇಕು. ಹೊಸಹಳ್ಳಿ, ಹೊಸೂರು ಎಂಬ ಹೆಸರಿನ ಊರುಗಳು ಒಂದೇ ಜಿಲ್ಲೆಯಲ್ಲಿ ಹಲವು ಇರುತ್ತವೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮಕ್ಕೂ ಒಂದು ಸಂಕೇತ ಸಂಖ್ಯೆ ಇದೆ. ಅದನ್ನೇ ಬಳಸಿದರೆ ಆರೋಗ್ಯ ಇಲಾಖೆಯ ಪಟ್ಟಿ, ಪಂಚಾಯತಿಯ ಪಟ್ಟಿ ಮತ್ತು ನಕ್ಷೆ ಮೂರೂ ಒಂದಕ್ಕೊಂದು ಹೊಂದುತ್ತವೆ. ರೋಗಿಯ ಕಾಯಂ ವಿಳಾಸ ಬೇರೆ, ಈಗ ವಾಸವಿರುವ ಸ್ಥಳ ಬೇರೆ. ಆಧಾರ್ ಚೀಟಿಯ ವಿಳಾಸವನ್ನು ನಕಲು ಮಾಡಿಕೊಂಡರೆ ಬೆಂಗಳೂರಿನಲ್ಲಿ ದುಡಿಯುತ್ತಿರುವ ರಾಯಚೂರಿನ ಕಾರ್ಮಿಕರ ಸೋಂಕು ರಾಯಚೂರಿನ ಲೆಕ್ಕಕ್ಕೆ ಹೋಗುತ್ತದೆ, ಔಷಧಿಯೂ ಸಿಬ್ಬಂದಿಯೂ ಅಲ್ಲಿಗೇ ಹೋಗುತ್ತವೆ.

ಇರುವ ದಾರಿಯನ್ನೇ ಬಳಸುವುದು

ಭಾರತದಲ್ಲಿ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ 2004ರಿಂದಲೂ ಇದೆ. ಉಪಕೇಂದ್ರದ ಸಿಬ್ಬಂದಿ ಲಕ್ಷಣಗಳನ್ನು ನೋಡಿ ತುಂಬುವ ಎಸ್ ನಮೂನೆ, ವೈದ್ಯರು ತಮ್ಮ ನಿದಾನದ ಮೇಲೆ ತುಂಬುವ ಪಿ ನಮೂನೆ, ಪ್ರಯೋಗಾಲಯವು ದೃಢಪಡಿಸಿ ತುಂಬುವ ಎಲ್ ನಮೂನೆ, ಈ ಮೂರರ ಮೇಲೆ ಅದು ನಿಂತಿದೆ. ಹಿಂದೆ ವಾರಕ್ಕೊಮ್ಮೆ ಹೋಗುತ್ತಿದ್ದ ಈ ವರದಿಗಳು ಈಗ ಸಮಗ್ರ ಆರೋಗ್ಯ ಮಾಹಿತಿ ವೇದಿಕೆಯಾದ ಐಎಚ್‌ಐಪಿ ಮೂಲಕ ದಿನವೂ ಹೋಗಬಲ್ಲವು. 2018ರ ನವೆಂಬರ್‌ನಲ್ಲಿ ಈ ವೇದಿಕೆ ಮೊದಲು ಆರಂಭವಾದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. 2021ರ ಏಪ್ರಿಲ್‌ನಲ್ಲಿ ಅದು ದೇಶವ್ಯಾಪಿಯಾಯಿತು. ಹೊಸ ಸಾಂಕ್ರಾಮಿಕ ಬಂದಾಗ ಹೊಸ ಆ್ಯಪ್ ಮಾಡಿಸುವ ಉತ್ಸಾಹವನ್ನು ತಡೆದು, ಸಿಬ್ಬಂದಿಗೆ ಈಗಾಗಲೇ ಗೊತ್ತಿರುವ ಈ ದಾರಿಯಲ್ಲಿಯೇ ಹೊಸ ರೋಗವನ್ನು ಸೇರಿಸಲು ಆಗುವುದೇ ಎಂದು ಮೊದಲು ನೋಡಬೇಕು. ಒಂದೇ ಹೆಸರನ್ನು ನಾಲ್ಕು ಪೋರ್ಟಲ್‌ಗಳಲ್ಲಿ ತುಂಬಿಸುವುದು ರೋಗಿಗಳ ಆರೈಕೆಯ ಸಮಯವನ್ನು ಕಸಿದುಕೊಳ್ಳುತ್ತದೆ. ಒಮ್ಮೆ ಬರೆದದ್ದು ಬೇಕಾದ ಕಡೆಗಳಿಗೆಲ್ಲ ತಾನಾಗಿ ತಲುಪಬೇಕೆಂದರೆ ವ್ಯವಸ್ಥೆಗಳ ನಡುವೆ ಒಪ್ಪಿತ ಸಂಕೇತಗಳಿರಬೇಕು: ಪ್ರಯೋಗಾಲಯ ಪರೀಕ್ಷೆಗಳಿಗೆ ಲಾಯಿಂಕ್, ರೋಗಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ, ದಾಖಲೆಗಳ ವಿನಿಮಯಕ್ಕೆ ಫೈರ್ ಎಂಬ ಮಾನದಂಡಗಳು ಈಗಾಗಲೇ ಇವೆ.

ಖಾಸಗಿ ಆಸ್ಪತ್ರೆಗಳನ್ನೂ ಪ್ರಯೋಗಾಲಯಗಳನ್ನೂ ಮೊದಲ ದಿನದಿಂದಲೇ ಸೇರಿಸಿಕೊಳ್ಳಬೇಕು. ಜ್ವರ ಬಂದಾಗ ನಮ್ಮ ಜನರಲ್ಲಿ ಬಹಳಷ್ಟು ಮಂದಿ ಮೊದಲು ಹೋಗುವುದು ಹತ್ತಿರದ ಕ್ಲಿನಿಕ್‌ಗೆ ಅಥವಾ ಔಷಧಿ ಅಂಗಡಿಗೆ. ಆದೇಶ ಕಳುಹಿಸಿ ಕುಳಿತರೆ ವರದಿ ಬರುವುದಿಲ್ಲ. ಪ್ರತಿ ಕ್ಲಿನಿಕ್‌ಗೂ ಹೆಸರು ಗೊತ್ತಿರುವ ಒಬ್ಬ ಸಂಪರ್ಕ ವ್ಯಕ್ತಿಯನ್ನು ನೇಮಿಸಿ, ಅವರ ರೋಗಿಗಳ ಫಲಿತಾಂಶವನ್ನು ಅವರಿಗೂ ತಿಳಿಸುವ ವ್ಯವಸ್ಥೆ ಮಾಡಿದರೆ ಬರುತ್ತದೆ.

ಎಕ್ಸೆಲ್ ಹಾಳೆಗಳ ಬಗ್ಗೆ ಒಂದು ಮಾತು. ತಾತ್ಕಾಲಿಕವಾಗಿ ಅದು ಉಪಯುಕ್ತ ಸಾಧನವೇ ಹೌದು, ಆದರೆ ಇಡೀ ರಾಜ್ಯದ ಅಥವಾ ದೇಶದ ದಾಖಲೆಯನ್ನು ಅದರ ಮೇಲೆ ಹೊರಿಸಬಾರದು. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪಾಸಿಟಿವ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಹೊರಗುಳಿದವು, ಏಕೆಂದರೆ ಹಳೆಯ ಮಾದರಿಯ ಎಕ್ಸೆಲ್ ಕಡತವು 65,536 ಸಾಲುಗಳಿಗಿಂತ ಹೆಚ್ಚನ್ನು ಹಿಡಿದಿಡಲಾರದು ಮತ್ತು ಮಿಕ್ಕ ಸಾಲುಗಳು ಸದ್ದಿಲ್ಲದೆ ಬಿದ್ದುಹೋಗಿದ್ದವು. ಸೋಂಕಿತರಿಗೆ ತಮ್ಮ ಫಲಿತಾಂಶ ತಲುಪಿತ್ತು, ಆದರೆ ಅವರ ಸಂಪರ್ಕಿತರನ್ನು ಹುಡುಕುವ ಕೆಲಸ ತಡವಾಯಿತು. ಇದನ್ನು ತಡೆಯುವ ಉಪಾಯ ಬಹಳ ಸರಳ: ಕಳುಹಿಸಿದವರು ಎಷ್ಟು ಸಾಲು ಕಳುಹಿಸಿದರು, ಪಡೆದವರಿಗೆ ಎಷ್ಟು ಸಾಲು ತಲುಪಿತು ಎಂಬುದನ್ನು ಪ್ರತಿದಿನ ಎರಡೂ ಕಡೆಯವರು ತಾಳೆ ನೋಡಬೇಕು.

ಅಂಕಿಗಳನ್ನು ಓದುವ ಬಗೆ

ಎಷ್ಟು ಪರೀಕ್ಷೆಗಳಾದವು ಎಂಬುದನ್ನು ಹೇಳದೆ ಎಷ್ಟು ಪಾಸಿಟಿವ್ ಎಂದು ಎಂದೂ ಹೇಳಬಾರದು. ಒಂದು ತಾಲ್ಲೂಕಿನಲ್ಲಿ ಒಂದು ವಾರ 400 ಪರೀಕ್ಷೆಗಳಲ್ಲಿ 20 ಪಾಸಿಟಿವ್ ಬಂದು, ಮುಂದಿನ ವಾರ 200 ಪರೀಕ್ಷೆಗಳಲ್ಲಿ 18 ಬಂದರೆ, ಪ್ರಕರಣಗಳು ಇಳಿದವು ಎಂದು ಸಮಾಧಾನಪಡುವಂತಿಲ್ಲ. ಪಾಸಿಟಿವಿಟಿ ಪ್ರಮಾಣ ಶೇ 5ರಿಂದ ಶೇ 9ಕ್ಕೆ ಏರಿದೆ. ಆರ್‌ಟಿ-ಪಿಸಿಆರ್ ಮತ್ತು ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆಗಳನ್ನು ಬೇರೆ ಬೇರೆಯಾಗಿ ತೋರಿಸಬೇಕು. ರೇಖಾಚಿತ್ರದಲ್ಲಿ ಕೊನೆಯ ಕೆಲವು ದಿನಗಳ ಲೆಕ್ಕ ಇನ್ನೂ ಪೂರ್ಣವಾಗಿರುವುದಿಲ್ಲವಾದ್ದರಿಂದ ಆ ಭಾಗವನ್ನು ತೆಳುಬಣ್ಣದಲ್ಲಿ ತೋರಿಸಿ, ಹಾಗೆಂದು ಅಲ್ಲಿಯೇ ಬರೆಯಬೇಕು.

ಸಾವುಗಳ ಲೆಕ್ಕವನ್ನು ಆಸ್ಪತ್ರೆಯ ಪಟ್ಟಿಗೆ ಸೀಮಿತಗೊಳಿಸಬಾರದು. ಕರ್ನಾಟಕದಲ್ಲಿ ಜನನ ಮರಣ ನೋಂದಣಿ ಇ-ಜನ್ಮ ತಂತ್ರಾಂಶದಲ್ಲಿ ಆಗುತ್ತದೆ, ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಪ್ರತಿ ವಾರ ನೋಂದಣಿಯಾದ ಒಟ್ಟು ಮರಣಗಳನ್ನು ಹಿಂದಿನ ವರ್ಷಗಳ ಅದೇ ವಾರದೊಂದಿಗೆ ಹೋಲಿಸಿದರೆ, ಪರೀಕ್ಷೆಯೇ ಆಗದೆ ಮನೆಯಲ್ಲಿ ತೀರಿಕೊಂಡವರ ಸುಳಿವು ಸಿಗುತ್ತದೆ. ಪರೀಕ್ಷೆಯಿಂದ ದೃಢಪಟ್ಟ ಕೋವಿಡ್‌ಗೆ ಯು07.1, ಪರೀಕ್ಷೆಯಿಲ್ಲದೆ ಲಕ್ಷಣಗಳಿಂದ ನಿರ್ಧರಿಸಿದ್ದಕ್ಕೆ ಯು07.2 ಎಂಬ ಎರಡು ಸಂಕೇತಗಳನ್ನು ವಿಶ್ವ ಆರೋಗ್ಯ ಸಂಸ್ಥೆ ನೀಡಿದ್ದು ಇಂಥವರೂ ಲೆಕ್ಕಕ್ಕೆ ಸಿಗಲಿ ಎಂಬ ಉದ್ದೇಶದಿಂದಲೇ. ಸಂಖ್ಯೆ ದೊಡ್ಡದಾಗಿ ಕಂಡೀತೆಂಬ ಅಂಜಿಕೆಯಿಂದ ಈ ಹೋಲಿಕೆಯನ್ನು ಮುಂದೂಡುವ ಜಿಲ್ಲೆಯು ಯಾವ ಹೋಬಳಿಯಲ್ಲಿ ಜನರು ಚಿಕಿತ್ಸೆ ಸಿಗದೆ ಸಾಯುತ್ತಿದ್ದಾರೆ ಎಂಬುದನ್ನು ತಿಳಿಯುವ ಅವಕಾಶವನ್ನೇ ಕಳೆದುಕೊಳ್ಳುತ್ತದೆ.

ಯಾರಿಗೆ ಎಷ್ಟು ಹೇಳಬೇಕು

ಹಂಚಿಕೆ ಎಂದರೆ ಎಲ್ಲರಿಗೂ ಎಲ್ಲವನ್ನೂ ಕೊಡುವುದಲ್ಲ. ಹೆಸರು, ವಿಳಾಸ, ಮೊಬೈಲ್ ಸಂಖ್ಯೆ ಇರುವ ಲೈನ್ ಲಿಸ್ಟ್ (ರೋಗಿವಾರು ಪಟ್ಟಿ) ಆ ರೋಗಿಗೆ ಚಿಕಿತ್ಸೆ ನೀಡುವವರಿಗೆ ಮತ್ತು ಅವರ ಸಂಪರ್ಕಿತರನ್ನು ಹುಡುಕುವವರಿಗೆ ಮಾತ್ರ, ಅದೂ ಅವರ ವ್ಯಾಪ್ತಿಯ ಊರುಗಳದ್ದು ಮಾತ್ರ, ಸಿಗಬೇಕು. ಯಾರು ಯಾವಾಗ ತೆರೆದು ನೋಡಿದರು ಎಂಬುದು ದಾಖಲಾಗಬೇಕು. ಈ ಪಟ್ಟಿಯನ್ನು ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ರೂಢಿಯನ್ನು ಪೂರ್ತಿ ಕೈಬಿಡಬೇಕು, ಏಕೆಂದರೆ ಒಮ್ಮೆ ಹೊರಟ ಪಿಡಿಎಫ್ ಎಲ್ಲಿಗೆ ತಲುಪಿತೆಂದು ಹೇಳಬಲ್ಲವರು ಯಾರೂ ಇಲ್ಲ.

2020ರ ಮಾರ್ಚ್‌ನಲ್ಲಿ ಮನೆಯಲ್ಲೇ ಕ್ವಾರಂಟೈನ್‌ನಲ್ಲಿ ಇರಬೇಕಾಗಿದ್ದವರ ವಿಳಾಸಗಳು ಕರ್ನಾಟಕದಲ್ಲಿ ಸಾರ್ವಜನಿಕವಾಗಿ ಪ್ರಕಟವಾಗಿದ್ದವು. ನೆರೆಹೊರೆಯವರು ಎಚ್ಚರದಿಂದಿರಲಿ ಎಂಬ ಉದ್ದೇಶ ಅದರ ಹಿಂದಿರಬಹುದು. ಆದರೆ ಬಾಗಿಲಿಗೆ ಕಳಂಕ ಅಂಟುತ್ತದೆ ಎಂದು ಗೊತ್ತಾದ ಮೇಲೆ ಜನರು ಪ್ರಯಾಣವನ್ನೂ ಜ್ವರವನ್ನೂ ಮುಚ್ಚಿಡಲು ತೊಡಗುತ್ತಾರೆ, ಸರ್ವೇಕ್ಷಣೆಯ ಬೇರಿಗೇ ಪೆಟ್ಟು ಬೀಳುತ್ತದೆ. ಆರಂಭದ ತಿಂಗಳುಗಳಲ್ಲಿ ರಾಜ್ಯದ ಬುಲೆಟಿನ್‌ಗಳು ಪ್ರತಿ ಸೋಂಕಿತರಿಗೂ ಒಂದು ಪಿ ಸಂಖ್ಯೆ ಕೊಟ್ಟು, ವಯಸ್ಸು, ಲಿಂಗ ಮತ್ತು ಯಾವ ಪಿ ಸಂಖ್ಯೆಯವರ ಸಂಪರ್ಕ ಎಂಬುದನ್ನು ಪ್ರಕಟಿಸುತ್ತಿದ್ದವು. ಸೋಂಕಿನ ಸರಪಣಿಯನ್ನು ಅರಿಯಲು ಅದು ಸಂಶೋಧಕರಿಗೆ ನಿಜವಾಗಿಯೂ ನೆರವಾಯಿತು. ಅದೇ ವಿವರ ಚಿಕ್ಕ ಊರಿನಲ್ಲಿ ಬೇರೆಯದೇ ಅರ್ಥ ಪಡೆಯುತ್ತದೆ: ಐವತ್ತು ಮನೆಗಳ ಹಳ್ಳಿಯಲ್ಲಿ 62 ವರ್ಷದ ಮಹಿಳೆ ಎಂದರೆ ಹೆಸರು ಹೇಳಿದಂತೆಯೇ.

ಆದ್ದರಿಂದ ಸಾರ್ವಜನಿಕರಿಗೆ ಪ್ರಕಟಿಸುವಾಗ ಹತ್ತು ವರ್ಷಗಳ ವಯೋಗುಂಪನ್ನು ಬಳಸಬೇಕು, ಗ್ರಾಮದ ಬದಲು ಹೋಬಳಿ ಅಥವಾ ತಾಲ್ಲೂಕನ್ನು ಹೇಳಬೇಕು, ಸಂಖ್ಯೆ 5ಕ್ಕಿಂತ ಕಡಿಮೆಯಿದ್ದಲ್ಲಿ ‘5ಕ್ಕಿಂತ ಕಡಿಮೆ’ ಎಂದಷ್ಟೇ ಬರೆಯಬೇಕು. ಸಂಶೋಧಕರಿಗೆ ಸಾಲುವಾರು ದಾಖಲೆ ಕೊಡಬೇಕಾದಾಗ ಉದ್ದೇಶ, ಅವಧಿ ಮತ್ತು ಹೊಣೆಗಾರರನ್ನು ನಮೂದಿಸಿದ ಲಿಖಿತ ಒಪ್ಪಂದ ಇರಲಿ. ಮೊಬೈಲ್ ಸಂಖ್ಯೆಯನ್ನು ಹ್ಯಾಶ್ ಮಾಡಿದ್ದೇವೆ, ಅಂದರೆ ಒಂದು ಗಣಿತ ಸೂತ್ರದಿಂದ ಗುರುತು ಸಿಗದ ಅಕ್ಷರಗಳ ಸಾಲಾಗಿ ಬದಲಿಸಿದ್ದೇವೆ, ಇನ್ನು ಭಯವಿಲ್ಲ ಎಂಬ ಮಾತನ್ನು ನಂಬಬಾರದು: 6ರಿಂದ 9ರೊಳಗಿನ ಅಂಕಿಯಿಂದ ಆರಂಭವಾಗುವ ಹತ್ತಂಕಿಯ ಸಂಖ್ಯೆಗಳು ಒಟ್ಟು 400 ಕೋಟಿಯಷ್ಟೇ ಇರುವುದರಿಂದ, ಅವೆಲ್ಲವನ್ನೂ ಹ್ಯಾಶ್ ಮಾಡಿ ಹೋಲಿಸಿ ಮೂಲ ಸಂಖ್ಯೆಯನ್ನು ಹುಡುಕುವುದು ಇಂದಿನ ಕಂಪ್ಯೂಟರ್‌ಗೆ ಕಷ್ಟವಲ್ಲ. ಜಿಲ್ಲೆಯಲ್ಲಿಯೇ ಉಳಿಯುವ ಒಂದು ರಹಸ್ಯ ಕೀಲಿಯನ್ನು ಬಳಸಿ ಬೇರೆ ಸಂಖ್ಯೆಗಳನ್ನು ಕೊಡಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸಾಂಕ್ರಾಮಿಕದ ವೇಳೆಯಲ್ಲಿ ಚಿಕಿತ್ಸೆ ಮತ್ತು ಆರೋಗ್ಯ ಸೇವೆ ನೀಡುವುದಕ್ಕಾಗಿ, ಒಪ್ಪಿಗೆ ಪಡೆಯದೆಯೂ ಮಾಹಿತಿಯನ್ನು ಬಳಸಲು ಅವಕಾಶ ಕೊಡುತ್ತದೆ. ಈ ಅವಕಾಶ ಸೇವೆಗೆ ಸಿಕ್ಕಿದ್ದು. ಅದೇ ಪಟ್ಟಿಯನ್ನು ಮುಂದೆ ಬೇರೆ ಕೆಲಸಕ್ಕೆ ಬಳಸಲು ಸಿಕ್ಕಿದ್ದಲ್ಲ. ಹಾಗಾಗಿ ಪಟ್ಟಿ ಆರಂಭಿಸುವ ದಿನವೇ ಅದನ್ನು ಯಾವಾಗ ಅಳಿಸಬೇಕು ಮತ್ತು ಅಳಿಸಿದ್ದನ್ನು ಯಾರು ದೃಢೀಕರಿಸಬೇಕು ಎಂಬ ಆದೇಶವನ್ನೂ ಹೊರಡಿಸುವುದು ಸರಿ.

ಜಿಲ್ಲೆಯಿಂದ ಆಚೆಗೆ

ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಪ್ರಕಾರ, ಜಾಗತಿಕ ಕಳವಳಕ್ಕೆ ಕಾರಣವಾಗಬಹುದಾದ ಘಟನೆಯನ್ನು ದೇಶವು 48 ಗಂಟೆಗಳಲ್ಲಿ ಪರಿಶೀಲಿಸಿ, ನಂತರದ 24 ಗಂಟೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ತಾಲ್ಲೂಕಿನಲ್ಲಿಯೇ ವರದಿ ಮೂರು ದಿನ ಕುಳಿತರೆ ಈ ಗಡುವಿಗೆ ಅರ್ಥವಿಲ್ಲ.

ಹಂಚಿಕೆಯ ಫಲ ಎಷ್ಟು ಬೇಗ ಸಿಗಬಲ್ಲದು ಎಂಬುದಕ್ಕೆ ಓಮೈಕ್ರಾನ್ ಒಳ್ಳೆಯ ನಿದರ್ಶನ. ದಕ್ಷಿಣ ಆಫ್ರಿಕಾದ ಪ್ರಯೋಗಾಲಯಗಳು ಪಿಸಿಆರ್ ಪರೀಕ್ಷೆಯಲ್ಲಿ ವೈರಸ್‌ನ ಎಸ್ ವಂಶವಾಹಿಯ ಗುರುತು ಮಾತ್ರ ಸಿಗದಿರುವುದನ್ನು ಗಮನಿಸಿ, ಮಾದರಿಗಳ ವಂಶವಾಹಿ ಅನುಕ್ರಮವನ್ನು ಓದಿ, 2021ರ ನವೆಂಬರ್ 24ರಂದು ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಮಾಡಿದವು. ನವೆಂಬರ್ 26ರಂದು ತಳಿಗೆ ಹೆಸರಿಡಲಾಯಿತು. ಏನನ್ನು ಹುಡುಕಬೇಕೆಂದು ಜಗತ್ತಿಗೆ ಗೊತ್ತಾಗಿದ್ದರಿಂದ ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಪ್ರಕರಣಗಳು ಕರ್ನಾಟಕದಲ್ಲಿ ಪತ್ತೆಯಾದುದು ಪ್ರಕಟವಾಯಿತು. ಅವರಲ್ಲಿ ಒಬ್ಬರು ವಿದೇಶಕ್ಕೆ ಹೋಗಿರದ ವೈದ್ಯರು. ಇಷ್ಟು ಪ್ರಾಮಾಣಿಕವಾಗಿ ಹಂಚಿಕೊಂಡ ದಕ್ಷಿಣ ಆಫ್ರಿಕಾಕ್ಕೆ ಹಲವು ದೇಶಗಳಿಂದ ಪ್ರತಿಯಾಗಿ ಸಿಕ್ಕಿದ್ದು ಪ್ರಯಾಣ ನಿರ್ಬಂಧ. ತಾಲ್ಲೂಕು ಮಟ್ಟದಲ್ಲಿಯೂ ಇದೇ ನಡೆಯುತ್ತದೆ: ಮೊದಲು ವರದಿ ಮಾಡಿದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನೋಟಿಸ್ ಹೋದರೆ, ಎರಡನೆಯ ಕೇಂದ್ರ ವರದಿಯನ್ನೇ ಕಳುಹಿಸುವುದಿಲ್ಲ. ಬೇಗ ವರದಿ ಮಾಡಿದವರಿಗೆ ಮೊದಲು ಸಿಬ್ಬಂದಿ ಮತ್ತು ಸಾಮಗ್ರಿ ತಲುಪಬೇಕು.

ವಂಶವಾಹಿ ಅಧ್ಯಯನಕ್ಕೆ ಮಾದರಿ ಕಳುಹಿಸುವ ಜಿಲ್ಲೆಗಳು ಮಾದರಿ ತೆಗೆದ ದಿನ, ತಾಲ್ಲೂಕು, ಪ್ರಯಾಣ, ಲಸಿಕೆ ಮತ್ತು ರೋಗದ ತೀವ್ರತೆಯನ್ನು ಜೊತೆಗೇ ಕಳುಹಿಸಬೇಕು. ಕೋವಿಡ್ ವೈರಸ್‌ನ ವಂಶವಾಹಿ ಅನುಕ್ರಮವನ್ನು ಓದಲು 2020ರ ಡಿಸೆಂಬರ್‌ನಲ್ಲಿ ರೂಪುಗೊಂಡ ಪ್ರಯೋಗಾಲಯಗಳ ಇನ್ಸಾಕಾಗ್ ಜಾಲದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮೊದಲಿನಿಂದಲೂ ಇದೆ. ಅಲ್ಲಿನ ಯಂತ್ರಗಳು ಎಷ್ಟೇ ಉತ್ತಮವಾಗಿದ್ದರೂ, ಊರು ಮತ್ತು ದಿನಾಂಕವಿಲ್ಲದ ಮಾದರಿಯಿಂದ ಹೊಸ ತಳಿ ಎಲ್ಲಿ ಹರಡುತ್ತಿದೆ ಎಂದು ಹೇಳಲಾಗದು.

ಮರಳಿ ಕೊಡುವುದು ಮತ್ತು ಅಭ್ಯಾಸ

ಪ್ರತಿ ವಾರ ಪ್ರತಿ ಉಪಕೇಂದ್ರಕ್ಕೂ ಒಂದು ಪುಟದ ವರದಿ ಕನ್ನಡದಲ್ಲಿ ಹೋಗಲಿ: ನಿಮ್ಮ ಊರುಗಳಿಂದ ಇಷ್ಟು ಮಾದರಿ ಬಂದಿವೆ, ಫಲಿತಾಂಶ ಇಷ್ಟು ದಿನ ಹಿಡಿದಿದೆ, ಪಕ್ಕದ ಉಪಕೇಂದ್ರದಲ್ಲಿ ಜ್ವರದ ಪ್ರಕರಣಗಳು ಹೆಚ್ಚುತ್ತಿವೆ, ಈ ವಾರ ಇಂಥ ಮನೆಗಳಿಗೆ ಮೊದಲು ಭೇಟಿ ಕೊಡಿ. ಮಾಹಿತಿಯ ಗುಣಮಟ್ಟ ಸುಧಾರಿಸಲು ಇದಕ್ಕಿಂತ ಒಳ್ಳೆಯ ತರಬೇತಿ ಇಲ್ಲ, ಏಕೆಂದರೆ ತಾವು ಬರೆದದ್ದು ಕೆಲಸಕ್ಕೆ ಬರುತ್ತದೆ ಎಂದು ಕಂಡವರು ದಿನಾಂಕವನ್ನು ಎಚ್ಚರದಿಂದ ಬರೆಯುತ್ತಾರೆ.

ಅಭ್ಯಾಸಕ್ಕೆ ಜಾಗತಿಕ ಸಾಂಕ್ರಾಮಿಕವನ್ನು ಕಾಯಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಮಲೆನಾಡಿನಲ್ಲಿ ಮುಖ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸಿಕೊಳ್ಳುತ್ತದೆ, ಮತ್ತು ಮಂಗಗಳ ಸಾವು ಅದರ ಮುನ್ಸೂಚನೆಯಾಗಿರುತ್ತದೆ. ಸತ್ತ ಮಂಗವನ್ನು ಮೊದಲು ನೋಡುವವರು ಸೌದೆಗೋ ದರಗೆಲೆಗೋ ಕಾಡಿಗೆ ಹೋದ ಊರಿನವರು ಅಥವಾ ಅರಣ್ಯ ಸಿಬ್ಬಂದಿ. ಶವಪರೀಕ್ಷೆ ಮಾಡುವವರು ಪಶುವೈದ್ಯರು. ಮನೆಮನೆಗೆ ಎಚ್ಚರಿಕೆ ಮುಟ್ಟಿಸಬೇಕಾದವರು ಆಶಾ ಕಾರ್ಯಕರ್ತೆಯರು. ಮಲೆನಾಡಿನ ತಾಲ್ಲೂಕುಗಳು ನವೆಂಬರ್ ಕೊನೆಯೊಳಗೆ ಒಂದು ಅಣಕು ಪ್ರಯೋಗ ನಡೆಸಬೇಕು. ಒಂದು ಗ್ರಾಮ ಪಂಚಾಯತಿಯಿಂದ ಮಂಗ ಸತ್ತಿರುವ ಕಲ್ಪಿತ ಸುದ್ದಿಯನ್ನು ಅರಣ್ಯ ಇಲಾಖೆಗೆ ನೀಡಿ, ಅದು ಪಶುವೈದ್ಯರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮತ್ತು ಪಕ್ಕದ ಊರಿನ ಆಶಾ ಕಾರ್ಯಕರ್ತೆಗೆ ಯಾವ ಹೊತ್ತಿಗೆ ತಲುಪಿತು ಎಂಬುದನ್ನು ಬರೆದಿಟ್ಟು, ಎಲ್ಲಿ ತಡೆಯಿತೋ ಅಲ್ಲಿನ ಸಂಪರ್ಕ ವ್ಯಕ್ತಿಯನ್ನು, ಅವರು ರಜೆಯಲ್ಲಿದ್ದಾಗ ಕರೆ ಸ್ವೀಕರಿಸುವ ಇನ್ನೊಬ್ಬರನ್ನು ನಿಗದಿಪಡಿಸಿ, ಒಂದು ವಾರದ ನಂತರ ಅದೇ ಪ್ರಯೋಗವನ್ನು ಇನ್ನೊಂದು ಪಂಚಾಯತಿಯಿಂದ ನಡೆಸಬೇಕು.